ಗಂಗಾವತಿಯ ಭತ್ತದ ಸೀಮೆಯಲ್ಲಿ ಅರವತ್ತು ದಾಟಿದವರಿಗೆ ಯಾವ ಸೈಕಲ್?

ನಿವೃತ್ತಿಯ ನಂತರ ಬೆಂಗಳೂರು ಬಿಟ್ಟು ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ನೆಲೆಸಿರುವ ನಾನು ಮತ್ತು ನಮ್ಮ ಯಜಮಾನರು ಬೆಳಗಿನ ಸೈಕಲ್ ಸವಾರಿಯನ್ನು ರೂಢಿಸಿಕೊಂಡಿದ್ದೇವೆ. ಒಂದೇ ಗೇರಿನ ಕರಿ ಸೈಕಲ್, ಗೇರ್ ಸೈಕಲ್, ಬ್ಯಾಟರಿ ಸೈಕಲ್ ಈ ಮೂರನ್ನೂ ಇದೇ ರಸ್ತೆಗಳಲ್ಲಿ ಇಬ್ಬರೂ ಓಡಿಸಿ ನೋಡಿದ್ದೇವೆ. ಅಂಗಡಿಯವರು ಗೇರಿನ ಸಂಖ್ಯೆಯನ್ನೇ ಮುಂದಿಟ್ಟು ಮಾತನಾಡುತ್ತಾರೆ. ಆದರೆ ಈ ಸೀಮೆಯಲ್ಲಿ ಸೈಕಲ್ಲಿನ ಯೋಗ್ಯತೆಯನ್ನು ನಿರ್ಧರಿಸುವುದು ಮುಳ್ಳು, ಹುಲ್ಲು ಮತ್ತು ಗಾಳಿ ಎಂಬುದು ನನ್ನ ಅಭಿಪ್ರಾಯ.

ಕರಿ ಸೈಕಲ್ಲಿನ ಮೊದಲ ಗುಣವೆಂದರೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಕುಳಿತುಕೊಳ್ಳಬಹುದು. 28 ಇಂಚಿನ ದೊಡ್ಡ ಚಕ್ರವು ಗದ್ದೆ ಬದಿಯ ಕಿತ್ತುಹೋದ ರಸ್ತೆಯ ಕುಲುಕಾಟವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಗಂಡಸರ ಮಾದರಿಯ ಅಡ್ಡ ಕಂಬಿಯ ಮೇಲೆ ಕಾಲು ಎತ್ತಿ ಹಾಕುವುದು ಮಂಡಿನೋವಿನವರಿಗೆ ತ್ರಾಸದ ಕೆಲಸವಾದ್ದರಿಂದ ಯಜಮಾನರೂ ಈಗ ಲೇಡೀಸ್ ಮಾದರಿಯನ್ನೇ ಓಡಿಸುತ್ತಾರೆ. ಊರಿನವರು ಮೊದಲು ನಕ್ಕರು, ಈಗ ಯಾರೂ ತಿರುಗಿ ನೋಡುವುದಿಲ್ಲ. ಇದರ ದೋಷವು ಸಾಣಾಪುರದ ಕೆರೆಯ ಕಡೆಗೆ ಬಂಡೆಗಳ ನಡುವೆ ಏರುವ ದಾರಿಯಲ್ಲಿ ಕಾಣುತ್ತದೆ. ಅಲ್ಲಿ ಇಳಿದು ತಳ್ಳಬೇಕಾಗುತ್ತಿತ್ತು. ಮಳೆಯಲ್ಲಿ ಕಂಬಿ ಬ್ರೇಕು ನಂಬಿಕೆಗೆ ಅರ್ಹವಲ್ಲ.

ಗೇರ್ ಸೈಕಲ್ ಆ ಏರನ್ನು ಸಲೀಸಾಗಿ ಹತ್ತುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಕ್ಕೆ ಬಾಗಿ ಕೂರುವ ಭಂಗಿಯಿಂದ ಅಂಗೈಗಳು ಜೋಮು ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಸುಗ್ಗಿಯಲ್ಲಿ ಎದುರಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದ ಈ ನೆಲದಲ್ಲಿ ಕೊಯ್ಲಾದ ಕೂಡಲೇ ಭತ್ತವನ್ನು ಡಾಂಬರು ರಸ್ತೆಯ ಮೇಲೆಯೇ ಒಣಹಾಕುತ್ತಾರೆ, ಹುಲ್ಲು ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಹಿಂದಿನ ಚಕ್ರದ ಬಳಿ ಜೋತಾಡುವ, ಗೇರ್ ಬದಲಿಸುವ ಸಾಧನವಾದ ಡಿರೇಲರಿನ ಪುಟ್ಟ ಗಾಲಿಗಳಿಗೆ ಆ ಹುಲ್ಲು ಹೊಸೆದ ಹಗ್ಗದಂತೆ ಸುತ್ತಿಕೊಂಡು, ಚೈನು ತೊಡರಿ, ಪೆಡಲು ನಿಂತೇಬಿಡುತ್ತದೆ. ಚಾಕುವಿನಿಂದ ಎಳೆ ಎಳೆಯಾಗಿ ಕತ್ತರಿಸಿ ತೆಗೆಯಬೇಕು. ಚೈನಿಗೆ ಪೂರ್ತಿ ಮುಚ್ಚಳವಿರುವ ಕರಿ ಸೈಕಲ್ಲಿಗೆ ಈ ಕಾಟವಿಲ್ಲ, ಸೀರೆಯ ಅಂಚು ಸಿಕ್ಕಿಕೊಳ್ಳುವ ಭಯವೂ ಇಲ್ಲ.

ಮುಳ್ಳಿನ ವಿಷಯದಲ್ಲಿ ಮೂರೂ ಸಮಾನ ದುಃಖಿಗಳು. ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ಸೀಳಿ ಒಳಗೆ ಮುರಿದು ಉಳಿಯುವುದರಿಂದ, ಪಂಕ್ಚರ್ ಹಾಕಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಾಡಿಸಿ ತಡವಿ ನೋಡದಿದ್ದರೆ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋಗುತ್ತದೆ. ಆದರೆ ಕರಿ ಸೈಕಲ್ಲಿನ ಟ್ಯೂಬು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ಡಿರೇಲರಿನ ಬಿಡಿಭಾಗಕ್ಕೆ ಗಂಗಾವತಿಗೋ ಹೊಸಪೇಟೆಗೋ ಹೋಗಬೇಕು. ಬ್ಯಾಟರಿ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಮೋಟಾರು, ತಂತಿ ಎಲ್ಲವೂ ಇರುವುದರಿಂದ ಅದನ್ನು ಬಿಚ್ಚಲು ಮೆಕ್ಯಾನಿಕ್ ಹಿಂಜರಿಯುತ್ತಾನೆ. ನಮ್ಮೂರಿನವನು ಚಕ್ರವನ್ನು ಕಳಚದೆಯೇ ಟ್ಯೂಬನ್ನು ಪಕ್ಕಕ್ಕೆ ಎಳೆದು, ನೀರಿನ ಬೋಗುಣಿಯಲ್ಲಿ ಗುಳ್ಳೆ ನೋಡಿ ತೇಪೆ ಹಾಕಿಕೊಡುತ್ತಾನೆ.

ಹಾಗೆಂದು ಬ್ಯಾಟರಿ ಸೈಕಲ್ಲನ್ನು ತಳ್ಳಿಹಾಕುವಂತಿಲ್ಲ. 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಇಂಥ ವಾಹನಕ್ಕೆ ಲೈಸೆನ್ಸ್ ಬೇಕಿಲ್ಲ. ಆಷಾಢದಲ್ಲಿ ಪಡುವಣ ಗಾಳಿಯು ಎದೆಗೆ ಕೈಯೊಡ್ಡಿ ನಿಂತಾಗ ಸಾಣಾಪುರದ ಕಡೆಗೆ ಹೋಗಲು ಅದರಷ್ಟು ಒದಗುವುದು ಬೇರೊಂದಿಲ್ಲ. ಆದರೆ ಚಾರ್ಜ್ ಮುಗಿದರೆ ಅದರ ತೂಕವನ್ನೆಲ್ಲ ಮಂಡಿಯೇ ಹೊರಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಶಾಖವು ಬ್ಯಾಟರಿಯ ಆಯುಸ್ಸನ್ನೂ ತಿನ್ನುತ್ತದೆ.

ಏರಿನ ಸಮಸ್ಯೆಗೆ ನಮಗೆ ದೊರೆತ ಪರಿಹಾರ ಅಗ್ಗದ್ದು. ನಮ್ಮ ಕರಿ ಸೈಕಲ್ಲುಗಳ ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನ ಹಲ್ಲುಚಕ್ರವಾದ ಫ್ರೀವೀಲಿಗೆ 18 ಹಲ್ಲು ಇದ್ದವು. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿ ಚೈನಿಗೆ ಕೊಂಡಿ ಸೇರಿಸಿದ ಮೇಲೆ, ಪೆಡಲಿನ ಒಂದು ಸುತ್ತಿಗೆ ಸುಮಾರು 6 ಮೀಟರ್ ಸಾಗುತ್ತಿದ್ದುದು 5 ಮೀಟರಿಗೆ ಇಳಿಯಿತು. ವೇಗ ತಗ್ಗಿತು, ತಳ್ಳುವುದು ತಪ್ಪಿತು. ಈಗ ನಿತ್ಯದ ಸವಾರಿಗೆ ಕರಿ ಸೈಕಲ್ಲುಗಳೇ ಸಾಕು. ಗೇರ್ ಸೈಕಲ್ಲನ್ನು ಮಾರಿದ್ದೇವೆ. ಬ್ಯಾಟರಿ ಸೈಕಲ್ ಗಾಳಿಯ ತಿಂಗಳುಗಳಿಗೆಂದು ಉಳಿದಿದೆ. ಉಳಿದ ಕಾಲದಲ್ಲಿ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಕಳಚಿ, ಮನೆಯೊಳಗಿನ ತಂಪಾದ ಕೋಣೆಯಲ್ಲಿ ಇಡುತ್ತೇವೆ.