ರಿವರ್ಬ್ ಘಟಕಕ್ಕೆ ಕೊಂಡ ಪವರ್ ಸಪ್ಲೈ ಕಿಟ್

ಗಿಟಾರಿಗಾಗಿ ನಾನೇ ಜೋಡಿಸಿದ ಸ್ಪ್ರಿಂಗ್ ರಿವರ್ಬ್ ಘಟಕದ (ಸ್ಪ್ರಿಂಗುಗಳ ಕಂಪನದಿಂದ ಧ್ವನಿಗೆ ಅನುರಣನ ಸೇರಿಸುವ ಸಾಧನ) ಆಪ್-ಆ್ಯಂಪುಗಳಿಗೆ, ಅಂದರೆ ಸಂಕೇತವನ್ನು ವರ್ಧಿಸುವ ಚಿಪ್ಪುಗಳಿಗೆ, ಧನ 15 ಹಾಗೂ ಋಣ 15 ವೋಲ್ಟ್ ಬೇಕಾಗಿದ್ದುದರಿಂದ, ವೋಲ್ಟೇಜನ್ನು ಸ್ಥಿರವಾಗಿಡುವ 7815 (ಧನ) ಮತ್ತು 7915 (ಋಣ) ರೆಗ್ಯುಲೇಟರುಗಳಿರುವ ಪವರ್ ಸಪ್ಲೈ ಕಿಟ್ ಒಂದನ್ನು ತರಿಸಿಕೊಂಡೆ. ಬೋರ್ಡಿನ ಬಗ್ಗೆ ದೂರಿಲ್ಲ. ತಾಮ್ರದ ಪಟ್ಟಿಗಳು ಅಗಲವಾಗಿವೆ, ಬೆಸುಗೆ ಸಲೀಸಾಗಿ ಹಿಡಿಯುತ್ತದೆ. ಆದರೆ ನಡುವಿನ ತಂತಿಯ ಎರಡೂ ಬದಿಗೆ 15 ವೋಲ್ಟ್ ಎಸಿ ಕೊಡುವ 15-0-15 ಟ್ರಾನ್ಸ್‌ಫಾರ್ಮರಿನಿಂದ ಫಿಲ್ಟರ್ ಕೆಪಾಸಿಟರುಗಳ ಮೇಲೆ 20 ವೋಲ್ಟಿಗೂ ಹೆಚ್ಚು ಡಿಸಿ ನಿಲ್ಲುವುದರಿಂದ, ಲೋಡ್ ಇಲ್ಲದಾಗ ಅದು ಇನ್ನಷ್ಟು ಏರುವುದರಿಂದ, ಕಿಟ್ಟಿನಲ್ಲಿದ್ದ 25 ವೋಲ್ಟ್ ಮಾತ್ರ ತಾಳುವ ಕೆಪಾಸಿಟರುಗಳನ್ನು ಬದಿಗಿಟ್ಟು 35 ವೋಲ್ಟಿನವನ್ನು ಹಾಕಿದೆ.

ನನ್ನ ನಿಜವಾದ ಆಕ್ಷೇಪ ಸೂಚನಾ ಹಾಳೆಯ ಮೇಲೆ. 7815ರ ಕಾಲುಗಳು ಇನ್‌ಪುಟ್, ಗ್ರೌಂಡ್, ಔಟ್‌ಪುಟ್ ಎಂಬ ಕ್ರಮದಲ್ಲಿದ್ದರೆ, 7915ರಲ್ಲಿ ಅವು ಗ್ರೌಂಡ್, ಇನ್‌ಪುಟ್, ಔಟ್‌ಪುಟ್ ಆಗುತ್ತವೆ; ಅದರ ಬೆನ್ನಿನ ಲೋಹದ ತಗಡು ಸಹ ಇನ್‌ಪುಟ್ಟಿಗೇ ಸೇರಿರುತ್ತದೆ. ಈ ವಿಷಯ ಹಾಳೆಯಲ್ಲಿಲ್ಲ, ತಗಡಿನಿಂದ ವಿದ್ಯುತ್ ಹರಿಯದಂತೆ ತಡೆಯುವ ಮೈಕಾ ವಾಷರನ್ನೂ ಕೊಟ್ಟಿಲ್ಲ. ಅವಸರದಲ್ಲಿ ಎರಡನ್ನೂ ನೇರವಾಗಿ, ಗ್ರೌಂಡಿಗೆ ಸೇರಿದ ಅಲ್ಯೂಮಿನಿಯಂ ಪೆಟ್ಟಿಗೆಗೆ ತಿರುಪು ಹಾಕಿ ಬಿಗಿದ ನನಗೆ, ಸ್ವಿಚ್ ಒತ್ತಿದೊಡನೆ ಫ್ಯೂಸ್ ಚಟ್ಟೆಂದು ಹಾರಿ ಪಾಠ ಕಲಿಸಿತು.

ಅದನ್ನು ಸರಿಪಡಿಸಿದ ಬಳಿಕ ಕೇಳಿಬಂದ ಗುಂಯ್ ಸದ್ದಿಗೆ ಮೊದಲು ಕಿಟ್ಟನ್ನೇ ಶಂಕಿಸಿದೆ. ಸ್ಪ್ರಿಂಗುಗಳಿರುವ ಡಬ್ಬಿಯ, ಅಂದರೆ ಸ್ಪ್ರಿಂಗ್ ಟ್ಯಾಂಕಿನ, ಔಟ್‌ಪುಟ್ ತಂತಿಯನ್ನು ಕಿತ್ತಾಗ ಸದ್ದು ನಿಂತಿತು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಟ್ಯಾಂಕಿನ ಪಿಕಪ್ ಸುರುಳಿಯೇ ಹೀರುತ್ತಿತ್ತು. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯ ಇನ್ನೊಂದು ತುದಿಗೆ ಸರಿಸಿ, ಸದ್ದು ಕನಿಷ್ಠವಾಗುವ ಕೋನಕ್ಕೆ ತಿರುಗಿಸಿದ ಮೇಲೆ, ಗಿಟಾರ್ ಸುಮ್ಮನಿದ್ದಾಗ ಕೇಳುವುದು ಆಪ್-ಆ್ಯಂಪಿನ ಸಣ್ಣ ಸುಯ್ಲು ಮಾತ್ರ. ಡೇಟಾಶೀಟ್ (ಬಿಡಿಭಾಗದ ತಾಂತ್ರಿಕ ವಿವರಗಳ ಹಾಳೆ) ಓದುವ ಅಭ್ಯಾಸವಿರುವವರು ಈ ಕಿಟ್ ಕೊಳ್ಳಬಹುದು. ಮೊದಲ ಬಾರಿಗೆ ಮೇನ್ಸ್ ತಂತಿ ಮುಟ್ಟುವವರಿಗೆ ಇದನ್ನು ಕೊಳ್ಳಲು ಹೇಳಲಾರೆ.