ಫೋನಿನಲ್ಲೇ ವ್ಯಾಯಾಮ: ನಾಲ್ಕು ಬಗೆಯನ್ನೂ ಮಾಡಿ ನೋಡಿದೆ

ಹತ್ತು ವರ್ಷ ನಮ್ಮ ದಾವಣಗೆರೆಯ ಕುಂದವಾಡ ಕೆರೆ ಸುತ್ತಿದವಳು ನಾನು. ಬಿದ್ದದ್ದು ಮಾತ್ರ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಬೀಳುವಾಗ ಕೈ ಊರಿದೆ, ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಆಮೇಲೆ ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಸೊಂಟದ ಟಿ ಸ್ಕೋರ್ ಮೈನಸ್ 2.7 ಬಂತು. ಮೈನಸ್ 2.5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದಿದೆ ಎಂದು ಲೆಕ್ಕ. "ಈ ಸಲ ಕೈ ಆಯ್ತು ಟೀಚರ್, ಮುಂದಿನ ಸಲ ಸೊಂಟ ಆಗೋದು ಬೇಡ" ಎಂದರು ಡಾಕ್ಟರ್. ಮಾತ್ರೆ ಬರೆದ ಚೀಟಿಯಲ್ಲೇ ವ್ಯಾಯಾಮವನ್ನೂ ಬರೆದರು.

"ದಿನಾ ವಾಕಿಂಗ್ ಮಾಡ್ತೀನಲ್ಲ ಸಾರ್" ಎಂದೆ. ಅದು ಸಾಲದಂತೆ. ನಡಿಗೆ ಹೃದಯಕ್ಕೆ, ಶುಗರ್‌ಗೆ ಒಳ್ಳೆಯದು. ಆದರೆ ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೇಕಿರುವುದು ಕಾಲಿನ ಬಲ ಮತ್ತು ಬ್ಯಾಲೆನ್ಸ್. 2019ರಲ್ಲಿ 108 ಅಧ್ಯಯನಗಳನ್ನು, 23 ಸಾವಿರಕ್ಕೂ ಹೆಚ್ಚು ಹಿರಿಯರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ಶೇ. 23ರಷ್ಟು ಕಡಿಮೆಯಾಗಿದೆ. ಬ್ಯಾಲೆನ್ಸ್ ಜೊತೆಗೆ ಬಲದ ವ್ಯಾಯಾಮವೂ ಸೇರಿದರೆ ಮೂರನೇ ಒಂದು ಭಾಗದಷ್ಟು. ಮೂಳೆ ಮುರಿತದ ವಿಷಯದಲ್ಲಿ ಪುರಾವೆ ಅಷ್ಟು ಬಲವಾಗಿಲ್ಲ, ಆದರೆ ಬೀಳದಿದ್ದರೆ ಮುರಿಯುವ ಮಾತೆಲ್ಲಿ, ಅಲ್ವಾ?

ವಿದ್ಯಾನಗರದಿಂದ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೆ ವಾರಕ್ಕೆರಡು ಸಲ ಆಟೋ, ಅಲ್ಲಿ ಒಂದು ಗಂಟೆ ಕಾಯುವುದು, ಹತ್ತು ನಿಮಿಷದ ವ್ಯಾಯಾಮ. ಎರಡೇ ವಾರಕ್ಕೆ ಸಾಕಾಯಿತು. ಪುಣೆಯಲ್ಲಿರುವ ಮಗಳು "ಅಮ್ಮಾ, ಈಗ ಎಲ್ಲಾ ಫೋನಲ್ಲೇ ಇದೆ" ಎಂದಳು. ಹಾಗೆ ಶುರುವಾಯಿತು ನೋಡಿ.

ನಾನು ಗಣಿತದ ಮೇಷ್ಟ್ರಮ್ಮ, ವಯಸ್ಸು 67. ಅಳೆಯದೆ ಏನನ್ನೂ ನಂಬುವವಳಲ್ಲ. ಎರಡು ಪರೀಕ್ಷೆ ಇಟ್ಟುಕೊಂಡೆ. ಒಂದು, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಹುದು ಎನ್ನುವುದು. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಕಡಿಮೆ ಎಂದರ್ಥ. ಇನ್ನೊಂದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು. ಮೊದಲ ದಿನ ನನ್ನದು 8 ಸಲ, 14 ಸೆಕೆಂಡ್. ಎರಡರಲ್ಲೂ ಫೇಲ್.

ಮೊದಲು ಯೂಟ್ಯೂಬ್. ಕಾಸಿಲ್ಲ, ಹೊತ್ತುಗೊತ್ತಿಲ್ಲ, ಬೇಕಾದಾಗ ನಿಲ್ಲಿಸಬಹುದು. ಇಷ್ಟು ಹೇಳಿದರೆ ಅದರ ಒಳ್ಳೆಯ ಗುಣ ಮುಗಿಯಿತು. ಟಿ.ವಿ. ನೋಡುತ್ತಾ ಒಂಟಿ ಕಾಲಲ್ಲಿ ನಿಲ್ಲಬೇಕು, ನಿಂತ ಕೂಡಲೇ ಜಾಹೀರಾತು ಬರುತ್ತದೆ. ವಿಡಿಯೋದ ಹೆಂಗಸು ಅಡುಗೆಮನೆ ಕಟ್ಟೆ ಹಿಡಿದುಕೊಳ್ಳಿ ಎನ್ನುತ್ತಾಳೆ, ನಮ್ಮ ಕಟ್ಟೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ. ಮೂರನೇ ದಿನ ಪ್ಲಾಸ್ಟಿಕ್ ಕುರ್ಚಿ ಹಿಡಿದು ಹಿಮ್ಮಡಿ ಎತ್ತುವಾಗ ಕುರ್ಚಿಯೇ ಜಾರಿತು. ಕಿಟಕಿ ಸರಳು ಸಿಕ್ಕಿದ್ದರಿಂದ ಬಚಾವಾದೆ. ಬೀಳದಿರಲು ವ್ಯಾಯಾಮ ಮಾಡಲು ಹೋಗಿ ಬೀಳುವುದಿತ್ತು! ಯಾವ ದಾರಿ ಹಿಡಿದರೂ ಸರಿ, ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ. ಮರದ ಕುರ್ಚಿ, ಅದೂ ಗೋಡೆಗೆ ಒತ್ತಿ. ಮೂರು ವಾರದ ಮೇಲೆ ಅಳೆದೆ. ಅದೇ 8, ಅದೇ 14.

ಆಮೇಲೆ ಆ್ಯಪ್. ಮಗಳೇ ಹಾಕಿಕೊಟ್ಟಳು, ತಿಂಗಳಿಗೆ 200 ರೂಪಾಯಿ. ಬೆಳಿಗ್ಗೆ ಟಣ್ ಎಂದು ನೆನಪಿಸುತ್ತದೆ, ಎಷ್ಟು ಮಾಡಿದಿರಿ ಎಂದು ಕೇಳುತ್ತದೆ, ನಕ್ಷತ್ರ ಕೊಡುತ್ತದೆ. ನಕ್ಷತ್ರಕ್ಕೆ ಆಸೆಪಡುವುದು ಎಂಟನೇ ಕ್ಲಾಸಿನ ಮಕ್ಕಳು ಮಾತ್ರ ಎಂದುಕೊಂಡಿದ್ದೆ. ತಪ್ಪು. ಎರಡನೇ ವಾರ, ಮಾಡದೆಯೇ ಮಾಡಿದೆ ಎಂದು ಒತ್ತಿ ನಕ್ಷತ್ರ ತೆಗೆದುಕೊಂಡೆ. ಅದು ನಂಬಿತು. ಅದರ ತೊಂದರೆ ಇರುವುದೇ ಇಲ್ಲಿ. ಮಂಡಿ ನೋಯುತ್ತಿದ್ದ ದಿನವೂ ಸುಮ್ನೆ ಮುಂದಿನ ಹಂತಕ್ಕೆ ತಳ್ಳಿತು.

ಹಾಗೆಂದು ಆ್ಯಪ್ ಎಲ್ಲಾ ದಂಡ ಎನ್ನಲಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 70 ದಾಟಿದ 503 ಜನರ ಮೇಲೆ ಟ್ಯಾಬ್ಲೆಟ್‌ನಲ್ಲಿ ಕಲಿಸುವ ಬ್ಯಾಲೆನ್ಸ್ ವ್ಯಾಯಾಮವನ್ನು ಪರೀಕ್ಷಿಸಿದ್ದರು. ಫಲಿತಾಂಶ 2021ರಲ್ಲಿ ಬಂತು. ಮೊದಲ ವರ್ಷ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷದ ಲೆಕ್ಕ ನೋಡಿದಾಗ ಬೀಳುವುದು ಶೇ. 16ರಷ್ಟು ಕಡಿಮೆಯಾಗಿತ್ತು. ಎರಡು ವರ್ಷ ಬಿಡದೆ ಮಾಡುವ ಶಿಸ್ತು ಇದ್ದವರಿಗೆ ಅದು ಸರಿ. ನನಗೆ ನಾಲ್ಕೇ ವಾರ. 9 ಸಲ, 13 ಸೆಕೆಂಡ್.

ಮೂರನೆಯದು ಗುಂಪಿನ ಕ್ಲಾಸ್. ಬೆಳಿಗ್ಗೆ 7ಕ್ಕೆ, ವಾರಕ್ಕೆ ಮೂರು ದಿನ, ತಿಂಗಳಿಗೆ 600 ರೂಪಾಯಿ. ಪರದೆ ತುಂಬ ಇಪ್ಪತ್ತು ಪುಟ್ಟ ಚೌಕ, ಪ್ರತಿ ಚೌಕದಲ್ಲೂ ಒಬ್ಬರು ಅಜ್ಜಿಯೋ ತಾತನೋ. ನಿಜ ಹೇಳುತ್ತೇನೆ, ಮನಸ್ಸಿಗೆ ಖುಷಿ ಕೊಟ್ಟದ್ದು ಇದೇ. ಹರಿಹರದ ಒಬ್ಬರು ಅಕ್ಕ ಸಿಕ್ಕಿದರು. ಕ್ಲಾಸ್ ಮುಗಿದ ಮೇಲೆ ಹತ್ತು ನಿಮಿಷ ಅವರೆಕಾಯಿ ರೇಟು, ಸೊಸೆ, ಮೊಮ್ಮಕ್ಕಳು. ಒಂದು ದಿನ ತಪ್ಪಿಸಿದರೆ "ಯಾಕಕ್ಕಾ ಬರಲಿಲ್ಲ?" ಎಂದು ಫೋನ್. ಎರಡು ತಿಂಗಳಲ್ಲಿ ನಾಲ್ಕೇ ದಿನ ತಪ್ಪಿಸಿದ್ದು, ಅದರಲ್ಲಿ ಮೂರು ನಲ್ಲಿಯಲ್ಲಿ ನೀರು ಬಂದ ದಿನ.

ಆದರೆ ಕಾಲು? ಇಪ್ಪತ್ತು ಜನರಲ್ಲಿ 85 ದಾಟಿದವರೂ ಇದ್ದರು. ಅವರಿಗೆ ಅಪಾಯ ಆಗಬಾರದು ಎಂದು ಅರ್ಧ ಕ್ಲಾಸ್ ಕೂತೇ ಮಾಡಿಸುತ್ತಿದ್ದರು. ಕೈ ಮೇಲೆ, ಕೈ ಕೆಳಗೆ, ಭುಜ ತಿರುಗಿಸಿ. ನಿಂತು ಮಾಡುವಾಗ ನಾನು ಗೋಡೆಗೆ ಒರಗಿ, ಮುಖ ಮಾತ್ರ ಕ್ಯಾಮೆರಾಕ್ಕೆ ಕೊಟ್ಟು, ಒಂಟಿ ಕಾಲಲ್ಲಿ ನಿಂತಂತೆ ಗಂಭೀರವಾಗಿ ಇರುತ್ತಿದ್ದೆ. ಮೂವತ್ತೆರಡು ವರ್ಷ ಹಿಂದಿನ ಬೆಂಚಿನವರನ್ನು ಹಿಡಿದವಳು ನಾನು, ಈಗ ನಾನೇ ಹಿಂದಿನ ಬೆಂಚು. ಎರಡು ತಿಂಗಳ ಮೇಲೆ 10 ಸಲ, ಹನ್ನೆರಡೂವರೆ ಸೆಕೆಂಡ್. ಪಾಸಿನ ಅಂಚಿಗೆ ಬಂದಿದ್ದೆ, ಪಾಸ್ ಆಗಿರಲಿಲ್ಲ.

ನಾಲ್ಕನೆಯದು ಫಿಸಿಯೋಥೆರಪಿಸ್ಟ್ ಜೊತೆ ಒಬ್ಬೊಬ್ಬರೇ ವಿಡಿಯೋ ಕಾಲ್. ನಮ್ಮ ಊರಿನ ಹುಡುಗಿಯೇ. ಮೊದಲ ಸಲ ಮನೆಗೆ ಬಂದಳು, ಆಮೇಲೆ ವಾರಕ್ಕೆರಡು ಕಾಲ್, ಒಂದಕ್ಕೆ 350 ರೂಪಾಯಿ, ಹತ್ತು ವಾರ. ಲೆಕ್ಕ ಹಾಕಿ, 7 ಸಾವಿರ. ನಮ್ಮ ಯಜಮಾನರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು.

ಮೊದಲ ಕಾಲ್ ಪೂರ್ತಿ ಒಂದೇ ಮಾತು: "ಅಮ್ಮಾ, ಕಾಲು ಕಾಣ್ತಿಲ್ಲ." ಫೋನನ್ನು ಗೋಧಿ ಡಬ್ಬಿಗೆ ಒರಗಿಸಿದರೆ ನನ್ನ ಸೊಂಟ ಕಾಣುತ್ತದೆ, ಯಜಮಾನರು ಹಿಡಿದರೆ ಫ್ಯಾನ್ ಕಾಣುತ್ತದೆ. ಕೊನೆಗೆ ನೆಲದ ಮೇಲೆ ಕುಟ್ಟಾಣಿಗೆ ಒರಗಿಸಿ ಇಟ್ಟಾಗ ಪಾದ ಕಂಡಿತು. ಆದರೆ ಸೀರೆ! ಮಂಡಿ ಎಲ್ಲಿದೆ, ಹಿಮ್ಮಡಿ ಎತ್ತಿದ್ದಾರೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಗಳು ಬಿಟ್ಟುಹೋದ ಚೂಡಿದಾರ್ ಪ್ಯಾಂಟ್ ಹಾಕಿಕೊಂಡೆ. ಹರೆಯದಲ್ಲೂ ಹಾಕದಿದ್ದದ್ದು ಅರವತ್ತೇಳಕ್ಕೆ ಆಯಿತು.

ಕಾಲು ಕಂಡ ಮೇಲೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. "ಬೆರಳಲ್ಲಿ ಕಿಟಕಿ ಹಿಡಿದಿದ್ದೀರಿ, ಬಿಡಿ." "ಎಡಗಾಲಿಗೆ ಭಾರ ಹಾಕ್ತಿಲ್ಲ, ಹಾಕಿ." ನಾನು ಚೂರೂ ಅಲುಗಾಡದೆ ಹತ್ತು ಸೆಕೆಂಡ್ ನಿಂತ ದಿನ ಶಹಬ್ಬಾಸ್ ಎನ್ನುತ್ತಾಳೆ ಎಂದುಕೊಂಡೆ. "ಹಾಗಾದ್ರೆ ಇದು ಸುಲಭ ಆಯ್ತು. ಸ್ವಲ್ಪ ತೂರಾಡಿದರೇನೇ ಅಮ್ಮಾ ಕೆಲಸ ಆಗ್ತಿರೋದು" ಎಂದು ಇನ್ನೂ ಕಷ್ಟದ್ದು ಕೊಟ್ಟಳು. ಹಿಂದಿನ ಮೂರರಲ್ಲಿ ನಾನು ತೂರಾಡಲೇ ಇಲ್ಲವಲ್ಲ ಎಂದು ಆವತ್ತು ಹೊಳೆಯಿತು.

ಅವಳು ಹೇಳಿಕೊಟ್ಟದ್ದು ಬಹುಪಾಲು ಒಟಾಗೊ ವ್ಯಾಯಾಮ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದು. 80 ದಾಟಿದ 233 ಹೆಂಗಸರ ಮೇಲೆ ಮಾಡಿದ ಪರೀಕ್ಷೆ 1997ರಲ್ಲಿ ಪ್ರಕಟವಾಯಿತು. ಅಲ್ಲೂ ಫಿಸಿಯೋ ಮೊದಲು ನಾಲ್ಕು ಸಲ ಮನೆಗೆ ಹೋಗಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರಂತೆ. ದೂರದಿಂದ ಕಲಿಸುವುದು ಸ್ಮಾರ್ಟ್‌ಫೋನ್ ಬಂದ ಮೇಲಿನ ಕತೆ ಅಲ್ಲ. ವ್ಯಾಯಾಮಗಳು ನೋಡಲು ಸಪ್ಪೆ. ಕೈ ಊರದೆ ಕುರ್ಚಿಯಿಂದ ಏಳುವುದು, ಅಡ್ಡ ನಡೆಯುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೆಲದ ಟೈಲ್ಸ್ ಗೆರೆಯ ಮೇಲೆ ನಡೆಯುವುದು, ಕಾಲಿಗೆ ಭಾರ ಕಟ್ಟಿ ಮಂಡಿ ನೆಟ್ಟಗೆ ಚಾಚುವುದು. ಭಾರಕ್ಕೆ ಹಳೇ ಬ್ಲೌಸ್ ಬಟ್ಟೆಯಲ್ಲಿ ಚೀಲ ಹೊಲಿದು ಅರ್ಧ ಕೆ.ಜಿ. ರಾಗಿ ತುಂಬಿದೆ. ಈಗ ಒಂದು ಕೆ.ಜಿ.

ಕ್ಲಿನಿಕ್ಕಿನಲ್ಲೂ ಆಗದ ಒಂದು ಕೆಲಸ ಈ ಕಾಲ್‌ನಲ್ಲಿ ಆಯಿತು. ಒಂದು ದಿನ "ಫೋನ್ ಹಿಡ್ಕೊಂಡು ರಾತ್ರಿ ನೀವು ಬಾತ್‌ರೂಮಿಗೆ ಹೋಗೋ ದಾರೀಲಿ ನಡೀರಿ" ಎಂದಳು. ದಾರಿಯಲ್ಲಿ ಮಡಚಿಕೊಂಡ ಕಾಲೊರಸು, ಎತ್ತರದ ಹೊಸ್ತಿಲು, ಸ್ವಿಚ್ ಇರುವುದು ಆ ಕಡೆ ಗೋಡೆಗೆ. ಮನೆಗೆ ಬಂದಿದ್ದಾಗ ಹಗಲು, ಇವು ಅವಳ ಕಣ್ಣಿಗೂ ಬಿದ್ದಿರಲಿಲ್ಲ. ಕಾಲೊರಸು ಹೋಯಿತು, ರಾತ್ರಿ ದೀಪ ಬಂತು, ಬಾತ್‌ರೂಮಿಗೆ ಹಿಡಿಕೆ ಬಂತು. ಬಿದ್ದರೆ ಏಳುವುದನ್ನೂ ಕಲಿಸಿದಳು. ಗಾಬರಿಯಲ್ಲಿ ಎದ್ದುಬಿಡಬಾರದು. ಮೊದಲು ಮಗ್ಗುಲಾಗಿ, ಆಮೇಲೆ ಅಂಬೆಗಾಲು, ಕುರ್ಚಿ ಹಿಡಿದು ಒಂದು ಕಾಲು ಊರಿ ಮೇಲೆ. ಯಜಮಾನರು ಪಕ್ಕದಲ್ಲಿ ನಿಂತಿದ್ದಾಗ ಮಾತ್ರ ಅಭ್ಯಾಸ.

ಕುಂದೂ ಇದೆ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಚಿತ್ರ ಒಂಟಿ ಕಾಲಲ್ಲೇ ನಿಂತುಬಿಡುತ್ತದೆ. ಪರದೆಯೊಳಗಿನ ಹುಡುಗಿ ನಾನು ಬಿದ್ದರೆ ಹಿಡಿಯಲಾರಳು, ಹಾಗಾಗಿ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ಕೆಲವು ಕೆಲಸಕ್ಕೆ ಎದುರಿಗೇ ಇರಬೇಕು. ಅವಳು ಮನೆಗೆ ಬಂದ ದಿನ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದಳು. ನಿಂತಾಗ ಮೇಲಿನ ಅಂಕೆ 20ಕ್ಕಿಂತ ಜಾಸ್ತಿ ಇಳಿದಿತ್ತು. ಡಾಕ್ಟರ್ ಮಾತ್ರೆ ಬದಲಿಸಿದರು. ಹಿತ್ತಲಲ್ಲಿ ಬಗ್ಗಿ ಎದ್ದ ಕೂಡಲೇ ಬಿದ್ದದ್ದಕ್ಕೆ ಅದೂ ಕಾರಣ ಇರಬಹುದು. ಇದನ್ನು ಯಾವ ಆ್ಯಪ್ ಹಿಡಿಯುತ್ತಿತ್ತು?

ಹತ್ತು ವಾರದ ಮೇಲೆ 13 ಸಲ, 10 ಸೆಕೆಂಡ್. ಕೊನೆಗೆ ಬಂದದ್ದಕ್ಕೆ ಮೊದಲ ಮೂರರ ಪುಣ್ಯವೂ ಸೇರಿರುತ್ತದೆ, ಬದಲಿಸಿದ ಮಾತ್ರೆಯದ್ದೂ. ಗಣಿತದವಳು ಅದನ್ನು ಮರೆಮಾಚಬಾರದು. ಆದರೂ ಕೇಳಿದವರಿಗೆ ನಾನು ಹೇಳುವುದು, ದುಡ್ಡು ಇರುವಷ್ಟು ವಾರ ಒಬ್ಬೊಬ್ಬರೇ ಕಾಲ್ ಮಾಡಿ. ಸರಿಯಾಗಿ ತೂರಾಡುವುದನ್ನು ಕಲಿತ ಮೇಲೆ ಗುಂಪಿಗೆ ಹೋಗಿ. ಮನೆಯಲ್ಲಿ ಒಬ್ಬರೇ ಇದ್ದು, ಈಗಾಗಲೇ ಒಮ್ಮೆ ಬಿದ್ದವರಾದರೆ ಯೂಟ್ಯೂಬ್ ನೋಡಿಕೊಂಡು ನಿಂತು ಮಾಡಲು ಹೋಗಬೇಡಿ.

ನಾನೀಗ ಹರಿಹರದ ಅಕ್ಕನ ಕ್ಲಾಸಿಗೆ ವಾಪಸ್ ಹೋಗಿದ್ದೇನೆ, ಗೋಡೆ ಬಿಟ್ಟು ನಿಲ್ಲುತ್ತೇನೆ. ತಿಂಗಳಿಗೊಮ್ಮೆ ಆ ಹುಡುಗಿಗೆ ಕಾಲು ತೋರಿಸುತ್ತೇನೆ. ಹೋದ ಸಲ ಅವಳು, "ಅಂಕಲ್, ನೀವೂ ಒಂದ್ಸಲ ಕುರ್ಚಿ ಪರೀಕ್ಷೆ ಮಾಡಿ ನೋಡೋಣ" ಎಂದಳು. ಯಜಮಾನರಿಗೆ 72. ಆ ವಯಸ್ಸಿನ ಗಂಡಸರಿಗೆ ಗಡಿ 12. ಇವರದ್ದು 9. "ನಾನೇನು ಬಿದ್ದಿದ್ದೀನಾ?" ಎಂದು ಪೇಪರ್ ಹಿಡಿದು ಕೂತರು. ಸೋಮವಾರದ ಕಾಲ್‌ಗೆ ಇನ್ನೊಂದು ಜೊತೆ ರಾಗಿ ಚೀಲ ಹೊಲಿದು ಇಟ್ಟಿದ್ದೇನೆ.