ಬೊಕೆ ಆರ್ಡರ್ ಮಾಡುವವರೇ ಎಚ್ಚರ: ಲಿಲ್ಲಿ ಬೇಡ ಅಂದರೆ ಲಿಲ್ಲಿಯನ್ನೇ ಕಳಿಸಿದರು

ಆನ್‌ಲೈನ್‌ನಲ್ಲಿ ಹೂವಿನ ಬೊಕೆ ಆರ್ಡರ್ ಮಾಡುವ ಯೋಚನೆ ಇರುವವರು ದಯವಿಟ್ಟು ಪೂರ್ತಿ ಓದಿ. ಉದ್ದ ಇದೆ, ಗೊತ್ತು. ಸಿಟ್ಟು ಇನ್ನೂ ಇಳಿದಿಲ್ಲ.

ಸೈಟಿನ ಹೆಸರು ಹಾಕುತ್ತಿಲ್ಲ. ಹಾಕಿದರೂ ಪ್ರಯೋಜನ ಕಡಿಮೆ. ಅದೇ ಫೋಟೋಗಳು, ಅದೇ "ನಿಮ್ಮ ಏರಿಯಾದ ಹೂವಿನಂಗಡಿ" ಅನ್ನೋ ಸಾಲು ಇಟ್ಟುಕೊಂಡು ಬೇರೆ ಬೇರೆ ಹೆಸರಿನಲ್ಲಿ ಎಷ್ಟೋ ಸೈಟ್‌ಗಳಿವೆ. ಒಂದು ಹೆಸರು ಹೇಳಿದರೆ ನೀವು ಇನ್ನೊಂದರಲ್ಲಿ ಬೀಳುತ್ತೀರಿ, ಅಷ್ಟೇ.

ಅಕ್ಕ ಇರುವುದು ನಮ್ಮ ಊರಿನಲ್ಲೇ, ಆದರೆ ಆ ಕಡೆಯ ತುದಿಯಲ್ಲಿ. ಅವಳ ಮದುವೆ ವಾರ್ಷಿಕೋತ್ಸವಕ್ಕೆ ನನಗೆ ಹೋಗಲು ಆಗಲಿಲ್ಲ. ಹೂವಾದರೂ ಹೋಗಲಿ ಅಂತ ಅವಳ ಏರಿಯಾದ ಹೆಸರು ಹಾಕಿ ಹುಡುಕಿದೆ. ಮೊದಲು ಬಂದದ್ದೇ ಈ ಸೈಟ್. ಮೇಲ್ಗಡೆ ಆ ಏರಿಯಾದ ಹೆಸರನ್ನೇ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಅಲ್ಲೇ ಅಂಗಡಿ ಇಟ್ಟುಕೊಂಡು ಕೂತಿದ್ದಾರೆ ಅಂತ ಯಾರಿಗಾದರೂ ಅನ್ನಿಸುತ್ತೆ. ಅನ್ನಿಸಲಿ ಅಂತಲೇ ಬರೆದಿರುವುದು.

ನಾನು ಆರಿಸಿದ್ದು ತಿಳಿ ಗುಲಾಬಿ ಬಣ್ಣದ ಗುಲಾಬಿ, ಬಿಳಿ ಕಾರ್ನೇಷನ್, ಮಧ್ಯೆ ಮಧ್ಯೆ ಸಣ್ಣ ಬಿಳಿ ಜಿಪ್ಸೊಫಿಲಾ. "ಕಾರ್ಡಿನ ಸಂದೇಶ" ಅನ್ನೋ ಜಾಗದಲ್ಲಿ ಅಕ್ಕ ಭಾವನಿಗೆ ನಾಲ್ಕು ಒಳ್ಳೆಯ ಮಾತು ಬರೆದೆ. ಅದರ ಕೆಳಗೆ "ಅಂಗಡಿಯವರಿಗೆ ವಿಶೇಷ ಸೂಚನೆ" ಅಂತ ಬೇರೆಯೇ ಜಾಗ ಇತ್ತು. ಅಲ್ಲಿ ಹೀಗೆ ಬರೆದೆ: "ದಯವಿಟ್ಟು ಲಿಲ್ಲಿ ಹಾಕಬೇಡಿ, ಮನೆಯಲ್ಲಿ ಬೆಕ್ಕಿದೆ."

ಇದು ಸುಮ್ನೆ ಬರೆದದ್ದಲ್ಲ. ಲಿಲ್ಲಿ ಬೆಕ್ಕಿಗೆ ವಿಷ. ಎಲೆ, ದಳ, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ. ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ಕೈಕೊಡಬಹುದು. ಪ್ರತಿವಿಷ ಅಂತ ಏನೂ ಇಲ್ಲ, ತಡ ಮಾಡದೆ ಪಶುವೈದ್ಯರ ಹತ್ತಿರ ಓಡಬೇಕು. ಪೀಸ್ ಲಿಲ್ಲಿ, ಕ್ಯಾಲಾ ಲಿಲ್ಲಿ ಬರೀ ಹೆಸರಿಗೆ ಲಿಲ್ಲಿ. ಅವುಗಳಿಂದ ಬಾಯಿ ಉರಿಯುತ್ತೆ, ಮೂತ್ರಪಿಂಡಕ್ಕೆ ಏನೂ ಆಗುವುದಿಲ್ಲ. ಬೊಕೆಗೆ ಹಾಕುವ ಆ ದೊಡ್ಡ, ಘಮಘಮ ಲಿಲ್ಲಿ ಇದೆಯಲ್ಲ, ಅದೇ ಅಪಾಯ. ಹೂವು ಮಾರುವವರಿಗೆ ಇದು ಗೊತ್ತಿರಬೇಕಾದ ವಿಷಯ. ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬರೆದು ಕೊಟ್ಟಿದ್ದೆನಲ್ಲ!

ಸಂಜೆ ನನ್ನ ಫೋನಿಗೆ "ನಿಮ್ಮ ಪ್ರೀತಿಯನ್ನು ತಲುಪಿಸಲಾಗಿದೆ" ಅಂತ ಮೆಸೇಜ್ ಬಂತು. ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್. ಹಿಂದೆ ಜೋರು ನಗು, ಮನೆ ತುಂಬ ಜನ.

"ಏನೇ ಇದು, ಕಾರ್ಡಿನಲ್ಲಿ ಹೀಗೆ ಬರೆದಿದ್ದೀಯ?" ಅಂದಳು.

"ಯಾಕಕ್ಕ, ಚೆನ್ನಾಗಿಲ್ವಾ?" ಅಂದೆ. ಆ ನಾಲ್ಕು ಸಾಲು ಬರೆಯಲು ನಾನು ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದೆ.

ಭಾವ ಫೋನ್ ಕಸಿದುಕೊಂಡು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಓದಿದರು. ಬಂಗಾರದ ಅಂಚಿನ ಕಾರ್ಡ್, ಎರಡು ಹೃದಯದ ಚಿತ್ರ, ನಡುವೆ ಅಚ್ಚುಕಟ್ಟಾಗಿ ಪ್ರಿಂಟ್ ಆಗಿತ್ತು: "ದಯವಿಟ್ಟು ಲಿಲ್ಲಿ ಹಾಕಬೇಡಿ, ಮನೆಯಲ್ಲಿ ಬೆಕ್ಕಿದೆ." ಕೆಳಗೆ ನನ್ನ ಹೆಸರು. ನಾನು ಬರೆದ ಸಂದೇಶದ ಒಂದಕ್ಷರವೂ ಇಲ್ಲ. ಆ ಕಾರ್ಡನ್ನು ಸಿಕ್ಕಿಸಿದ್ದು ಎಲ್ಲಿ? ಲಿಲ್ಲಿಯ ದಂಟಿಗೆ.

ನಗು ಬರುತ್ತಿದೆಯಾ? ಅಲ್ಲಿದ್ದವರಿಗೂ ಬಂತು. ಭಾವನ ಅಣ್ಣನ ಮನೆಯವರೆಲ್ಲ ಇದ್ದರು. ನನಗೆ ಫೋನ್ ಹಿಡಿದುಕೊಂಡೇ ಮುಖ ಬಿಸಿಯಾಯಿತು. ಅಕ್ಕ "ಇರಲಿ ಬಿಡೇ, ಹೂವು ಚೆನ್ನಾಗಿದೆ" ಅಂದಳು. ಅವಳು ಹಾಗೆ ಹೇಳಿದ ಧ್ವನಿಯಲ್ಲೇ ಹೂವೂ ಚೆನ್ನಾಗಿಲ್ಲ ಅಂತ ಗೊತ್ತಾಯಿತು. ಫೋಟೋ ಕಳಿಸು ಅಂದರೆ ಆಮೇಲೆ ಆಮೇಲೆ ಅಂದಳು. ಕೊನೆಗೆ ಕಳಿಸಿದ್ದು ಅವಳ ಮಗಳು.

ಗುಲಾಬಿಗಳ ಕತ್ತು ಬಾಗಿತ್ತು. ಮೊಗ್ಗು ಅರಳುವ ಮೊದಲೇ ಕತ್ತು ಬಾಗಿದರೆ ದಂಟಿನೊಳಗೆ ನೀರು ಏರುತ್ತಿಲ್ಲ ಅಂತ ಅರ್ಥ. ಹೂವು ನೀರಿಲ್ಲದೆ ಇತ್ತು, ಇಲ್ಲವೇ ಹಳೆಯದು. ದಳಗಳ ಅಂಚು ಕಂದು. ಬಿಳಿ ಕಾರ್ನೇಷನ್ ಒಂದೇ ಒಂದು, ಅದೂ ಒಳಕ್ಕೆ ಮುದುಡಿಕೊಂಡು ಮಲಗಿತ್ತು. ಅದರ ಮೇಲೆ ಅರಳಿದ ಲಿಲ್ಲಿಯಿಂದ ಉದುರಿದ ಕಿತ್ತಳೆ ಬಣ್ಣದ ಪರಾಗ. ಉಳಿದ ಲಿಲ್ಲಿಗಳು ಹಸಿರು ಮೊಗ್ಗು, ಬೆಂಡೆಕಾಯಿಯ ಹಾಗೆ. ಜಾಗ ತುಂಬಿಸಲು ನೀಲಿ ಸೇವಂತಿಗೆ. ನೀಲಿ ಸೇವಂತಿಗೆ ಅಂದರೆ ಬಣ್ಣ ಹಾಕಿದ್ದು ಅಂತ ಬೇರೆ ಹೇಳಬೇಕಾ? ಸುತ್ತಿದ ಬಿಳಿ ಕಾಗದಕ್ಕೆ ಆ ನೀಲಿ ಇಳಿದು ಕಲೆಯಾಗಿತ್ತು. ದಂಟಿನ ಬುಡಕ್ಕೆ ಒದ್ದೆ ಟಿಶ್ಯೂ ಸುತ್ತಿ ಪ್ಲಾಸ್ಟಿಕ್ ಕಟ್ಟಬೇಕಲ್ವಾ, ಕಟ್ಟಿದ್ದರು. ಟಿಶ್ಯೂ ಒಣಗಿ ಗರಿಗರಿಯಾಗಿತ್ತು ಅಂತ ಅಕ್ಕನ ಮಗಳು ಹೇಳಿದಳು.

ಪಾಪ, ಬೆಕ್ಕನ್ನು ಸಂಜೆಯೆಲ್ಲ ರೂಮಿನಲ್ಲಿ ಕೂಡಿ ಹಾಕಿದ್ದರು. ಅಕ್ಕ ಲಿಲ್ಲಿಗಳನ್ನು ಬೇರೆ ಮಾಡಿ ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ, ಮೇಜು ಒರೆಸಿ, ನೆಲ ಒರೆಸಿ, ಬಂದವರಿಗೆ ಊಟ ಬಡಿಸುವುದು ಬಿಟ್ಟು ಪರಾಗ ಹುಡುಕುತ್ತಾ ಕೂತಳು. ಇದು ನಾನು ಅವಳಿಗೆ ಕೊಟ್ಟ ಉಡುಗೊರೆ.

ಇನ್ನು ಸೈಟಿನವರ ಉತ್ತರಗಳು. ಇದನ್ನೇ ಮುಖ್ಯವಾಗಿ ಹೇಳಬೇಕು ಅಂತ ಕೂತದ್ದು. ಚಾಟ್ ಎಲ್ಲ ಉಳಿಸಿಟ್ಟುಕೊಂಡಿದ್ದೇನೆ.

ಮೊದಲು ಫೋಟೋ ಕಳಿಸಿದೆ. ಉತ್ತರ: "ಹೂವುಗಳು ನೈಸರ್ಗಿಕವಾದ್ದರಿಂದ ಚಿತ್ರಕ್ಕಿಂತ ಸ್ವಲ್ಪ ವ್ಯತ್ಯಾಸ ಇರಬಹುದು." ಸ್ವಲ್ಪ ವ್ಯತ್ಯಾಸ! ಗುಲಾಬಿ ಸ್ವಲ್ಪ ದೊಡ್ಡದು ಚಿಕ್ಕದು ಆದರೆ ಅದು ವ್ಯತ್ಯಾಸ. ಕಾರ್ನೇಷನ್ ಕೇಳಿದರೆ ನೀಲಿ ಸೇವಂತಿಗೆ ಬರುವುದು ಯಾವ ನಿಸರ್ಗ?

ಲಿಲ್ಲಿ ಬೇಡ ಅಂತ ಬರೆದಿದ್ದೆ, ಯಾಕೆ ಹಾಕಿದಿರಿ ಅಂತ ಕೇಳಿದೆ. ಅದಕ್ಕೆ ಬಂದ ಉತ್ತರವನ್ನು ಅಕ್ಷರ ಬಿಡದೆ ಹಾಕುತ್ತೇನೆ: "ಹೂವು ಲಭ್ಯವಿಲ್ಲದಿದ್ದಾಗ ಸಮಾನ ಅಥವಾ ಹೆಚ್ಚಿನ ಬೆಲೆಯ ಹೂವು ಬಳಸಲಾಗುತ್ತದೆ. ಲಿಲ್ಲಿ ಕಾರ್ನೇಷನ್‌ಗಿಂತ ದುಬಾರಿ. ಆದ್ದರಿಂದ ನಿಮಗೆ ಲಾಭವೇ ಆಗಿದೆ." ಜೊತೆಗೆ ಒಂದು ನಗುವ ಮುಖ.

ಲಾಭವೇ ಆಗಿದೆ. ಬೆಕ್ಕಿರುವ ಮನೆಗೆ ವಿಷ ಕಳಿಸಿ, ಲಾಭವೇ ಆಗಿದೆ.

ಕಾರ್ಡಿನ ಬಗ್ಗೆ ಕೇಳಿದೆ. "ಗ್ರಾಹಕರು ನಮೂದಿಸಿದ ಪಠ್ಯವನ್ನೇ ಮುದ್ರಿಸಲಾಗಿದೆ." ಹೌದಪ್ಪಾ, ನಮೂದಿಸಿದ್ದೇ. ಬೇರೆ ಜಾಗದಲ್ಲಿ ನಮೂದಿಸಿದ್ದು! ಸ್ಕ್ರೀನ್‌ಶಾಟ್ ಕಳಿಸಿದೆ. ಅದಕ್ಕೆ ಉತ್ತರವೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು "ಇನ್ನೇನಾದರೂ ಸಹಾಯ ಬೇಕೇ?" ಅಂತ ಬಂತು.

ಇಷ್ಟರಲ್ಲಿ ಅಕ್ಕನ ಮಗಳಿಗೆ ಕಾಗದದ ಒಳಗೆ ಒಂದು ಪುಟ್ಟ ಸ್ಟಿಕ್ಕರ್ ಕಂಡಿದೆ. ಬೇರೆ ಯಾವುದೋ ಅಂಗಡಿಯ ಹೆಸರು, ಫೋನ್ ನಂಬರ್. ನಾನು ಆ ನಂಬರಿಗೆ ಫೋನ್ ಮಾಡಿದೆ. ಒಬ್ಬರು ವಯಸ್ಸಾದವರು ಎತ್ತಿದರು. ಮೊದಲು ಕೂಗಾಡಿದೆ, ನಿಜ. ಅವರು ಸುಮ್ಮನೆ ಕೇಳಿಸಿಕೊಂಡು ಹೇಳಿದರು:

"ಮೇಡಂ, ನಮಗೆ ಬರೋದು ಒಂದು ಚೀಟಿ. ಅದರಲ್ಲಿ ಬೊಕೆಯ ಕೋಡ್, ಮೀಡಿಯಂ ಸೈಜು, ಅಡ್ರೆಸ್ಸು, ಕಾರ್ಡಿಗೆ ಏನು ಬರೀಬೇಕು ಅನ್ನೋದು, ಇಷ್ಟೇ ಇರುತ್ತೆ. ನೀವು ಯಾರು ಅಂತಲೂ ನಮಗೆ ಗೊತ್ತಿಲ್ಲ."

ಕಾರ್ಡಿನಲ್ಲಿ ಲಿಲ್ಲಿ ಬೇಡ ಅಂತ ಕಣ್ಣಿಗೆ ಕಾಣುತ್ತಿದ್ದರೂ ಲಿಲ್ಲಿ ಹಾಕಿದಿರಲ್ಲ ಅಂದೆ.

"ನನಗೂ ವಿಚಿತ್ರ ಅನ್ನಿಸಿತು ಮೇಡಂ. ಏನೋ ನಿಮ್ಮ ನಿಮ್ಮೊಳಗಿನ ತಮಾಷೆ ಇರಬೇಕು ಅಂದುಕೊಂಡೆ."

ಏನು ಹೇಳಲಿ ಇದಕ್ಕೆ. ಆಮೇಲೆ ನಾನು ಎಷ್ಟು ದುಡ್ಡು ಕೊಟ್ಟಿದ್ದೆ ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಅದರ ಅರ್ಧವೂ ನಮಗೆ ಬಂದಿಲ್ಲ ಮೇಡಂ" ಅಂದರು. ಅಂಗಡಿ ಎಲ್ಲಿ ಅಂತ ಕೇಳಿದರೆ, ಅಕ್ಕನ ಮನೆಯ ರಸ್ತೆಯ ತಿರುವಿನಲ್ಲೇ! ಅವಳು ದಿನಾ ಆ ಅಂಗಡಿಯ ಮುಂದೆಯೇ ಓಡಾಡುತ್ತಾಳೆ. ನನ್ನ ದುಡ್ಡು ಎಲ್ಲೋ ಇರುವ ಸೈಟಿಗೆ ಹೋಗಿ, ಅಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದು, ಮಿಕ್ಕಿದ್ದು ಮಾತ್ರ ಅಕ್ಕನ ಮನೆ ಹತ್ತಿರಕ್ಕೆ ವಾಪಸ್ ಬಂದಿದೆ. ನಾನು ನೇರವಾಗಿ ಇವರಿಗೇ ಫೋನ್ ಮಾಡದಿರಲಿ ಅಂತಲೇ ಅಲ್ವಾ ಆ ಏರಿಯಾದ ಹೆಸರು, ಆ ದಪ್ಪ ಅಕ್ಷರ ಎಲ್ಲ? ಬಾಡಿದ ಹೂವಿಗಿಂತ ಇದು ಜಾಸ್ತಿ ಉರಿಯಿತು. ಈಗಲೂ ಉರಿಯುತ್ತಿದೆ.

ಹಾಗಂತ ಆ ಅಂಗಡಿಯವರನ್ನೂ ಬಿಡುವುದಿಲ್ಲ. ಅರ್ಧ ದುಡ್ಡು ಬಂದರೆ ಅರ್ಧ ಹೂವು ಕಳಿಸಲಿ. ಬಾಡಿದ ಹೂವು ಯಾಕೆ? ಕೇಳಿದ್ದಕ್ಕೆ "ಸೈಟಿನ ಆರ್ಡರಿಗೆ ಇರೋದನ್ನೇ ಹೊಂದಿಸುತ್ತೇವೆ ಮೇಡಂ, ಅಂಗಡಿಗೆ ಬಂದವರಿಗೆ ಬೆಳಗಿನ ಹೂವು" ಅಂದುಬಿಟ್ಟರು. ಪ್ರಾಮಾಣಿಕತೆ ಮೆಚ್ಚಬೇಕೋ ಬೈಯಬೇಕೋ ಗೊತ್ತಾಗಲಿಲ್ಲ.

ಒಂದೂರಿನಲ್ಲಿ ಆರ್ಡರ್ ತಗೊಂಡು ಇನ್ನೊಂದೂರಿನ ಅಂಗಡಿಗೆ ದಾಟಿಸುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಅದು ಹಳೆಯ ಪದ್ಧತಿ. ಅಮೆರಿಕದ ಹೂವಿನಂಗಡಿಯವರು 1910ರಲ್ಲೇ ಒಟ್ಟು ಸೇರಿ ತಂತಿಯ ಮೂಲಕ ಹೀಗೆ ಆರ್ಡರ್ ದಾಟಿಸಲು ಶುರು ಮಾಡಿದ್ದರು. ಆದರೆ ಅಲ್ಲಿ ಆರ್ಡರ್ ತಗೊಳ್ಳುವವನೂ ಹೂವು ಮಾರುವವನೇ. ಇಲ್ಲಿ ನಡುವೆ ಕೂತವನ ಹತ್ತಿರ ಒಂದು ಹೂವೂ ಇಲ್ಲ, ಫೋಟೋ ಮಾತ್ರ ಇದೆ. ಅದೂ ದೊಡ್ಡ ಸೈಜಿನ ಬೊಕೆಯ ಫೋಟೋ. ಕೆಳಗೆ ಬರೆದಿರುವುದು ಚಿಕ್ಕ ಸೈಜಿನ ಬೆಲೆ. ಹೋಗಿ ನೋಡಿ ಬೇಕಾದರೆ.

ದುಡ್ಡು ವಾಪಸ್ ಕೇಳಿದೆ. ಮೊದಲು ಹೇಳಿದ್ದು, ಮುಂದಿನ ಆರ್ಡರಿಗೆ ಕೂಪನ್ ಕೊಡುತ್ತೇವೆ ಅಂತ. ಮುಂದಿನ ಆರ್ಡರ್ ಅಂತೆ! ಕೂಪನ್ ಬೇಡ ಅಂದೆ. ಆಗ ಬಂತು: "ಮರುಪಾವತಿಗಾಗಿ ಉತ್ಪನ್ನವನ್ನು ಮೂಲ ಸ್ಥಿತಿಯಲ್ಲಿ ಹಿಂದಿರುಗಿಸಬೇಕು." ಹೂವನ್ನು. ಮೂಲ ಸ್ಥಿತಿಯಲ್ಲಿ. ಬಂದಾಗಲೇ ಇಲ್ಲದ ಮೂಲ ಸ್ಥಿತಿಯನ್ನು ನಾನು ಎಲ್ಲಿಂದ ತರಲಿ? ಅದನ್ನೇ ಬರೆದೆ. "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ" ಅಂತ ಹೇಳಿ ಚಾಟ್ ಮುಚ್ಚಿದರು. ಸೈಟಿನಲ್ಲಿ ವಿಮರ್ಶೆ ಬರೆದೆ, ಅದು ಇನ್ನೂ ಕಾಣಿಸಿಲ್ಲ. ಅಲ್ಲಿ ಕಾಣುವುದೆಲ್ಲ ಐದು ನಕ್ಷತ್ರದ್ದೇ. ಈಗ ಗೊತ್ತಾಯಿತಲ್ಲ ಹೇಗೆ ಅಂತ.

ನಿಮಗೆ ಹೇಳುವುದು ಇಷ್ಟು. ಹೂವು ಕಳಿಸಬೇಕಾದರೆ ನಕ್ಷೆಯಲ್ಲಿ ಆ ಏರಿಯಾ ತೆಗೆದು, ಬೀದಿ ವಿಳಾಸ ಇರುವ, ಅಂಗಡಿಯ ಮುಂಭಾಗದ ಫೋಟೋ ಇರುವ ಅಂಗಡಿಗೆ ಫೋನ್ ಮಾಡಿ. "ಇವತ್ತು ಯಾವ ಹೂವು ಚೆನ್ನಾಗಿದೆ?" ಅಂತ ಕೇಳಿ. ಹೂವು ಕಣ್ಣೆದುರಿಗೆ ಇರುವವರು ಥಟ್ಟನೆ ಹೇಳುತ್ತಾರೆ. ಕೋಡ್ ನಂಬರ್ ಕೇಳಿದರೆ ಫೋನ್ ಇಟ್ಟುಬಿಡಿ. ಒಂದು ಹೂವು ಇಲ್ಲದಿದ್ದರೆ ನನ್ನನ್ನು ಕೇಳದೆ ಬೇರೆ ಹಾಕಬೇಡಿ ಅಂತ ಬಾಯಲ್ಲಿ ಹೇಳಿ, ಬೊಕೆ ಹೊರಡುವ ಮುಂಚೆ ಫೋಟೋ ತರಿಸಿಕೊಳ್ಳಿ. ಫೆಬ್ರವರಿ 14ರ ಆಸುಪಾಸಿನಲ್ಲಂತೂ ಸೈಟ್‌ಗಳ ಸಹವಾಸವೇ ಬೇಡ.

ಬೊಕೆ ತಗೊಳ್ಳುವವರು ಹತ್ತಿರದಲ್ಲೇ ಇದ್ದರೆ ಗುಲಾಬಿ ಮೊಗ್ಗಿನ ಬುಡವನ್ನು ಮೆಲ್ಲಗೆ ಒತ್ತಿ ನೋಡಲು ಹೇಳಿ. ಗಟ್ಟಿ ಇದ್ದರೆ ಹೊಸದು, ಮೆತ್ತಗಿದ್ದರೆ ಹಳೆಯದು. ದಂಟಿನ ತುದಿ ಕಂದಾಗಿ ಲೋಳೆಯಾಗಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಲಿ. ಮುಜುಗರ ಅಂತ ಸುಮ್ಮನಾಗುತ್ತಾರೆ ನಮ್ಮವರು, ಅಕ್ಕನೂ ಹಾಗೇ ಮಾಡಿದ್ದು. ಈ ಸೈಟಿನವರು ಬದುಕುತ್ತಿರುವುದೇ ಆ ಮುಜುಗರದ ಮೇಲೆ. ಉಡುಗೊರೆ ಪಡೆದವರು ದೂರು ಹೇಳುವುದಿಲ್ಲ, ಕಳಿಸಿದವರಿಗೆ ಹೂವು ಕಾಣುವುದಿಲ್ಲ.

ಬೆಕ್ಕು ಚೆನ್ನಾಗಿದೆ, ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಇನ್ನೂ ಬಂದಿಲ್ಲ. ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಆಧಾರ ಏನಿದೆ ಅಂತ ಕೇಳಿದರು. ಕಾರ್ಡಿನ ಫೋಟೋ ಕಳಿಸಿದ್ದೇನೆ, ಲಿಲ್ಲಿಯೂ ಅದರಲ್ಲೇ ಕಾಣುತ್ತೆ.